ಮನೆಯಲ್ಲೇ ಕುಳಿತು ನಾರ್ವೆ: ಬರ್ಗೆನ್ ರೈಲನ್ನೂ ಕರಾವಳಿಯ ಹಡಗನ್ನೂ ಪೂರ್ತಿ ನೋಡಿದವರು ಇದ್ದೀರಾ?

ತುಂಗಾತೀರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಯುರೋಪ್ ಪ್ರವಾಸ ಎಂದೊಡನೆ ನಮ್ಮ ಕಡೆ ಸ್ವಿಟ್ಜರ್ಲೆಂಡಿನ ಹಿಮ, ಪ್ಯಾರಿಸಿನ ಗೋಪುರ, ವೆನಿಸಿನ ದೋಣಿಗಳ ಮಾತೇ ಮೊದಲು ಬರುತ್ತದೆ. ನನಗೆ ಮಾತ್ರ ಬಹಳ ಕಾಲದಿಂದ ನಾರ್ವೆಯ ಕರಾವಳಿಯದೇ ಹಂಬಲ. ಮೊಣಕಾಲು ಒಪ್ಪುತ್ತಿಲ್ಲ, ಅಲ್ಲಿನ ಖರ್ಚು ಪಿಂಚಣಿಗೆ ನಿಲುಕುವುದಿಲ್ಲ. ಹಾಗಾಗಿ ಕುಳಿತಲ್ಲಿಂದಲೇ ಹೋಗಿ ಬರುವ ದಾರಿ ಹುಡುಕತೊಡಗಿದಾಗ, ಅದಕ್ಕೆ ಬೇಕಾದದ್ದನ್ನೆಲ್ಲ ಆ ದೇಶದವರೇ ಮಾಡಿಟ್ಟಿರುವುದು ತಿಳಿಯಿತು.

ಬರ್ಗೆನ್ ಮತ್ತು ಓಸ್ಲೋ ನಡುವಿನ ರೈಲುಮಾರ್ಗಕ್ಕೆ ನೂರು ವರ್ಷ ತುಂಬಿದ ದಿನ, ಅಂದರೆ 2009ರ ನವೆಂಬರ್ 27ರಂದು, ನಾರ್ವೆಯ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಆರ್‌ಕೆ ಏಳು ಗಂಟೆಗೂ ಮಿಕ್ಕಿದ ಆ ಇಡೀ ಪ್ರಯಾಣವನ್ನು ಒಂದೇ ಕಾರ್ಯಕ್ರಮವಾಗಿ ತೋರಿಸಿತು. ಎಂಜಿನ್ನಿನ ಮುಂಭಾಗದಲ್ಲಿ ಕ್ಯಾಮೆರಾ, ಎದುರಿಗೆ ಹಳಿ. ನೋಡುವುದಕ್ಕೆ ಮುಖ್ಯವಾಗಿ ಅಷ್ಟೇ. ಸುಮಾರು 12 ಲಕ್ಷ ಜನ ಅದನ್ನು ಒಂದಿಷ್ಟಾದರೂ ನೋಡಿದರಂತೆ. ಆ ಧೈರ್ಯದಿಂದ 2011ರ ಜೂನ್ 16ರಂದು ಬರ್ಗೆನ್ ಬಂದರಿನಿಂದ ಹೊರಟ 'ನೂರ್‌ನೋರ್ಗೆ' ಎಂಬ ಕರಾವಳಿ ಹಡಗಿನ ಮೇಲೆ ಕ್ಯಾಮೆರಾಗಳನ್ನಿಟ್ಟು, ರಷ್ಯಾದ ಗಡಿಯ ಬಳಿ ಇರುವ ಕಿರ್ಕೆನೆಸ್ ತಲುಪುವವರೆಗೆ 134 ಗಂಟೆ ಬಿಡುವಿಲ್ಲದೆ ನೇರಪ್ರಸಾರ ಮಾಡಿದರು. ದೇಶದ ಅರ್ಧಕ್ಕಿಂತ ಹೆಚ್ಚು ಜನ ಯಾವುದಾದರೊಂದು ಹೊತ್ತಿನಲ್ಲಿ ಟಿವಿಯ ಮುಂದೆ ಬಂದು ಕುಳಿತಿದ್ದರು. ಕರಾವಳಿಯ ಊರುಗಳಲ್ಲಿ ಜನ ದಡಕ್ಕೆ ಬಂದು ಕೈಬೀಸಿದರು, ಸಣ್ಣ ದೋಣಿಗಳು ಹಡಗಿನ ಜೊತೆಗೇ ಸಾಗಿದವು.

ಈ ಚರ್ಚೆ ಆರಂಭಿಸಿದ್ದಕ್ಕೆ ಕಾರಣವಿದೆ. ಇಂಥ ಚಿತ್ರಿಕೆಗಳನ್ನು ಓಡಿಸಿ ನೋಡುವವರೇ ಹೆಚ್ಚು. ಜಲಪಾತ ಬಂದಾಗ ನಿಲ್ಲಿಸಿ, ಉಳಿದದ್ದನ್ನು ದಾಟಿಸಿಬಿಡುತ್ತಾರೆ. ನನ್ನ ಮಟ್ಟಿಗೆ ಹಾಗೆ ನೋಡಿದ್ದು ಪ್ರವಾಸವಲ್ಲ, ಕ್ಯಾಲೆಂಡರಿನ ಹಾಳೆ ತಿರುವಿದಂತೆ. ಕುರ್ಚಿಯಲ್ಲಿ ಕುಳಿತು ಪ್ರಯಾಣ ಮಾಡುವವನು ಹಣ, ಚಳಿ, ಆಯಾಸ ಯಾವುದನ್ನೂ ತೆರುವುದಿಲ್ಲ, ಸಮಯವನ್ನಾದರೂ ತೆರಬೇಕು. ಹಾಗೆ ಪೂರ್ತಿ ನೋಡಿದರೆ ಮಾತ್ರ, ನಾರ್ವೆಯ ಕರಾವಳಿ ನೋಟಕ್ಕೆಂದು ಇಟ್ಟ ವಸ್ತುವಲ್ಲ, ದುಡಿಯುವ ಜಾಗ ಎಂಬುದು ಗೊತ್ತಾಗುತ್ತದೆ. ನಿಮ್ಮ ಅನುಭವ, ತಕರಾರು ಎರಡನ್ನೂ ಬರೆಯಿರಿ.

ಹಳಿಗಳ ಹುಚ್ಚ

ತುಂಗಾತೀರ ಅವರೇ, ರೈಲಿನ ಮಟ್ಟಿಗೆ ನಾನು ನಿಮ್ಮ ಪಕ್ಷ. ಆದರೆ ಪೂರ್ತಿ ನೋಡಬೇಕೆಂದು ಹೊಸಬರಿಗೆ ಹೇಳುವಾಗ ಒಂದು ಎಚ್ಚರಿಕೆಯನ್ನೂ ಕೊಡಬೇಕು: ಈ ಮಾರ್ಗದಲ್ಲಿ ಸುಮಾರು 180 ಸುರಂಗಗಳಿವೆ. ಬರ್ಗೆನ್ ನಿಲ್ದಾಣ ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಉಲ್ರಿಕೆನ್ ಬೆಟ್ಟದ ಏಳೂವರೆ ಕಿ.ಮೀ.ಗೂ ಉದ್ದದ ಸುರಂಗ ಎದುರಾಗುತ್ತದೆ. ಪ್ರಯಾಣ ಸರಿಯಾಗಿ ಶುರುವಾಗುವ ಮೊದಲೇ ಪರದೆ ಕಪ್ಪಾಗುತ್ತದೆ. ಪ್ರಸಾರ ಮಾಡಿದವರು ಇದನ್ನು ಮೊದಲೇ ಯೋಚಿಸಿ, ಕತ್ತಲೆಯ ಹೊತ್ತಿನಲ್ಲಿ ಮಾರ್ಗದ ಇತಿಹಾಸಕ್ಕೆ ಸಂಬಂಧಿಸಿದ ಹಳೆಯ ದೃಶ್ಯಗಳನ್ನು ಹಾಕಿದ್ದಾರೆ. ಕೆಲವರಿಗೆ ಇದು ಅಡ್ಡಿ ಅನ್ನಿಸುತ್ತದೆ. ನನಗೆ ಅದು ಸರಿಯಾದ ಉಪಾಯವೆಂದೇ ತೋರುತ್ತದೆ, ಏಕೆಂದರೆ ನಿಜವಾದ ಪ್ರಯಾಣಿಕನೂ ಸುರಂಗದೊಳಗೆ ಹೊರಗೆ ನೋಡುತ್ತ ಕೂರುವುದಿಲ್ಲ.

ಗಮನವಿಟ್ಟು ನೋಡಬೇಕಾದದ್ದು ವೋಸ್ ಊರಿನಿಂದ ಮೇಲೆ ಏರುವ ಭಾಗ. ವೋಸ್ ಸಮುದ್ರಮಟ್ಟದಿಂದ 60 ಮೀಟರಿಗಿಂತ ಕಡಿಮೆ ಎತ್ತರದಲ್ಲಿದೆ. ಮಾರ್ಗದ ಅತಿ ಎತ್ತರದ ನಿಲ್ದಾಣವಾದ ಫಿನ್ಸೆ 1,222 ಮೀಟರಿನಲ್ಲಿದೆ. ಇವೆರಡರ ನಡುವಿನ ದೂರ 80 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಏರುತ್ತ ಹೋದಂತೆ ಬರ್ಚ್ ಮರಗಳು ಗಿಡ್ಡವಾಗಿ, ಆಮೇಲೆ ಮರಗಳೇ ಇಲ್ಲವಾಗಿ, ಬರಿಯ ಬಂಡೆ, ಕೊಳ, ಹಿಮ ಉಳಿಯುತ್ತವೆ. ಹಳಿಯ ಮೇಲೆ ಹಿಮ ತೂರಿ ಬೀಳದಂತೆ ಕಟ್ಟಿದ ಮರದ ಚಾವಣಿಗಳೊಳಗೆ ರೈಲು ನುಗ್ಗುವಾಗ ಹಲಗೆಗಳ ಸಂದಿನಿಂದ ಬೆಳಕು ಪಟ್ಟೆ ಪಟ್ಟೆಯಾಗಿ ಬೀಳುತ್ತದೆ. ಓಡಿಸಿ ನೋಡಿದರೆ ಅದು ಬರಿಯ ಮಿಣುಕಾಟ.

ಫಿನ್ಸೆಗೆ ಮೋಟಾರು ರಸ್ತೆಯೇ ಇಲ್ಲ. ಧ್ರುವಪ್ರದೇಶದ ಯಾತ್ರಿಕ ಶ್ಯಾಕಲ್ಟನ್ 1914ರಲ್ಲಿ ದಕ್ಷಿಣ ಧ್ರುವದ ಕಡೆಗೆ ಹೊರಡುವ ಮುನ್ನ ತನ್ನ ಸಲಕರಣೆಗಳನ್ನು ಪರೀಕ್ಷಿಸಲು ಆರಿಸಿಕೊಂಡ ಜಾಗ ಅದು. ಮಾರ್ಗ ಕಟ್ಟುವಾಗ ಸಾಮಗ್ರಿ ಸಾಗಿಸಲು ಕೂಲಿಕಾರರು ಮಾಡಿಕೊಂಡ ದಾರಿಯೇ ಈಗ ಬೇಸಿಗೆಯಲ್ಲಿ ಸೈಕಲ್ ಸವಾರರ ದಾರಿ. 'ರಾಲ್ಲಾರ್‌ವೇಗೆನ್' ಎಂಬ ಆ ಮಣ್ಣುಹಾದಿ ರೈಲಿನ ಪಕ್ಕದಲ್ಲಿ ಕಾಣಿಸಿಕೊಂಡು ಮರೆಯಾಗುತ್ತಿರುತ್ತದೆ.

ಊರೂರು ಅಲೆಮಾರಿ

ಕ್ಷಮಿಸಿ, ನಾನು ತಕರಾರಿನ ಕಡೆಯವನು. ಒಂದು ಪ್ಯಾಕೇಜ್ ಪ್ರವಾಸದಲ್ಲಿ ಹಲವು ದೇಶಗಳ ಜೊತೆ ನಾರ್ವೆಗೂ ಹೋಗಿ ಬಂದವನು. ಇದೇ ಬರ್ಗೆನ್ ಮಾರ್ಗದ ಮಿರ್ಡಾಲ್ ನಿಲ್ದಾಣದಿಂದ ಕೆಳಗಿನ ಫ್ಲೋಮ್ ಊರಿಗೆ ಇಳಿಯುವ ಪುಟ್ಟ ರೈಲಿನಲ್ಲಿ ಕುಳಿತಾಗ ಕಿವಿ ಕಟ್ಟಿಕೊಂಡದ್ದು, ಶೋಸ್‌ಫೊಸೆನ್ ಜಲಪಾತದ ಮುಂದೆ ಇಳಿದಾಗ ಮುಖಕ್ಕೆ ಎರಚಿದ ನೀರಿನ ಹನಿ, ಇವು ಯಾವ ಟಿವಿಯಲ್ಲಿ ಸಿಗುತ್ತವೆ? ಅಲ್ಲಿ ಸಂಗೀತ ಹಾಕಿ, ಜಾನಪದ ಕಥೆಯ ಮೋಹಿನಿಯ ವೇಷದಲ್ಲಿ ಒಬ್ಬಾಕೆ ಬಂಡೆಯ ಮೇಲೆ ಕುಣಿಯುತ್ತಾಳೆ. ಅದು ಪ್ರವಾಸಿಗರಿಗಾಗಿ ಮಾಡಿದ ಏರ್ಪಾಡು ಎಂದು ಗೊತ್ತಿದ್ದೂ ನನಗೆ ರೋಮಾಂಚನವಾಯಿತು. 134 ಗಂಟೆ ಮನೆಯ ಟಿವಿ ಬಿಟ್ಟುಕೊಡುವ ಸಂಸಾರ ನಿಮ್ಮದಾದರೆ ನೀವು ಪುಣ್ಯವಂತರು, ಅಷ್ಟೇ ಹೇಳಬಲ್ಲೆ.

ಹಳಿಗಳ ಹುಚ್ಚ

ಅಲೆಮಾರಿಯವರೇ, ಫ್ಲೋಮ್ ಮಾರ್ಗದಲ್ಲಿ ಕಿವಿ ಕಟ್ಟುವುದು ಸಹಜ. 866 ಮೀಟರ್ ಎತ್ತರದಿಂದ ಸಮುದ್ರಮಟ್ಟಕ್ಕೆ ಕೇವಲ 20 ಕಿ.ಮೀ.ಯಲ್ಲಿ ಇಳಿಯುತ್ತದೆ; ಬಹುಭಾಗದಲ್ಲಿ ಇಳಿಜಾರು 18ಕ್ಕೆ 1, ಅಂದರೆ 18 ಮೀಟರ್ ಸಾಗಿದರೆ ಒಂದು ಮೀಟರ್ ಇಳಿತ. ಹೋಲಿಕೆಗೆ, 57 ಸುರಂಗಗಳಿರುವ ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಇಳಿಜಾರು 50ಕ್ಕೆ 1. ನೀಲಗಿರಿ ರೈಲಿನಲ್ಲಿರುವಂಥ ಹಲ್ಲಿನ ಹಳಿ ಇಲ್ಲದೆ, ಸಾಮಾನ್ಯ ಹಳಿಯ ಮೇಲೆಯೇ ಫ್ಲೋಮ್ ರೈಲು ಇಷ್ಟು ಕಡಿದಾಗಿ ಏರಿಳಿಯುತ್ತದೆ. ಅಲ್ಲಿನ 20 ಸುರಂಗಗಳಲ್ಲಿ 18ನ್ನು ಕೈಯಿಂದಲೇ ಕೊರೆದರು. ಇದು ನಿಮ್ಮ ಪ್ಯಾಕೇಜಿನ ಮಾರ್ಗದರ್ಶಿ ಹೇಳಿದ್ದರೋ, ಮೋಹಿನಿಯನ್ನಷ್ಟೇ ತೋರಿಸಿದರೋ?

ಮಳೆಯೂರಿನ ಕನ್ನಡತಿ

ನಾನು ಕೆಲಸದ ನಿಮಿತ್ತ ಬರ್ಗೆನ್ನಿನಲ್ಲಿ ನೆಲೆಸಿರುವವಳು; ತವರು ತೀರ್ಥಹಳ್ಳಿಯ ಕಡೆ. ಈ ಚರ್ಚೆ ಓದಿ ಸಂತೋಷವಾಯಿತು, ಆದರೆ ಕುರ್ಚಿಯ ಪ್ರಯಾಣಿಕರಿಗೆ ಪರದೆ ಮುಚ್ಚಿಡುವ ಕೆಲವು ಸಂಗತಿಗಳನ್ನು ಹೇಳಲೇಬೇಕು.

ಮೊದಲನೆಯದು ಮಳೆ. ಇಲ್ಲಿ ವರ್ಷಕ್ಕೆ 2,200 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಆಗುಂಬೆಯ 7,000 ಮಿ.ಮೀ. ಕಂಡವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ ಅನ್ನಿಸಬಹುದು. ಆದರೆ ನಮ್ಮ ಮಳೆಗೆ ಒಂದು ಕಾಲವಿದೆ: ಮಿರುಗ, ಆರಿದ್ರೆ, ಪುಷ್ಯ ಎಂದು ಬಂದು, ದೀಪಾವಳಿಯ ಹೊತ್ತಿಗೆ ಬಿಸಿಲು ಕೊಟ್ಟು ಹೋಗುತ್ತದೆ. ಇಲ್ಲಿನ ಮಳೆಗೆ ಹೋಗುವ ಉದ್ದೇಶವೇ ಇಲ್ಲ. ಧೋ ಎಂದು ಸುರಿಯುವುದಕ್ಕಿಂತ, ಗಾಳಿಯ ಜೊತೆ ಅಡ್ಡಡ್ಡವಾಗಿ ಬಂದು ಕೊಡೆಯನ್ನು ತಿರುವಿ ಹಾಕುವುದೇ ಹೆಚ್ಚು. ಡಿಸೆಂಬರಿನಲ್ಲಿ ಹಗಲು ಆರು ಗಂಟೆಗಿಂತ ಕಡಿಮೆ. ಬೆಳಿಗ್ಗೆ ಕತ್ತಲೆಯಲ್ಲೇ ಆಫೀಸಿಗೆ ಹೋಗಿ, ಕತ್ತಲೆಯಲ್ಲೇ ಮರಳುತ್ತೇವೆ. ಜೂನ್ ತಿಂಗಳ ಹಡಗನ್ನು ಮಾತ್ರ ನೋಡಿದವರಿಗೆ ನಾರ್ವೆಯ ಅರ್ಧ ವರ್ಷವೇ ಕಾಣುವುದಿಲ್ಲ. ಅದಕ್ಕಾಗಿ ಎನ್‌ಆರ್‌ಕೆಯವರೇ 2012ರಲ್ಲಿ ಮಾಡಿದ ನೂರ್‌ಲಾಂಡ್ ರೈಲಿನ ಪ್ರಸಾರವನ್ನು ನೋಡಿ. ಟ್ರೊಂಡ್‌ಹೈಮ್‌ನಿಂದ ಬೋಡೊವರೆಗಿನ 729 ಕಿ.ಮೀ. ಮಾರ್ಗವನ್ನು ನಾಲ್ಕೂ ಋತುಗಳಲ್ಲಿ ಚಿತ್ರಿಸಿದ್ದಾರೆ. ಸಾಲ್ಟ್‌ಫಿಯೆಲ್ ಎಂಬ ಬಯಲುಬೆಟ್ಟದ ಮೇಲೆ ಅದು ಆರ್ಕ್ಟಿಕ್ ವೃತ್ತವನ್ನು ದಾಟುತ್ತದೆ.

ಎರಡನೆಯದು ಬ್ರಿಗೆನ್, ಅಂದರೆ ಬಂದರಿನ ದಂಡೆಯ ಮೇಲೆ ಸಾಲಾಗಿ ನಿಂತ ಮರದ ಮನೆಗಳು. ಯುನೆಸ್ಕೊ 1979ರಲ್ಲೇ ಅವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಎಲ್ಲ ಚಿತ್ರಗಳಲ್ಲೂ ಕಾಣುವುದು ಕೆಂಪು, ಹಳದಿ ಬಣ್ಣದ ಮುಂಭಾಗ ಮಾತ್ರ. ಎರಡು ಮನೆಗಳ ನಡುವಿನ ಓಣಿಗೆ ಹೊಕ್ಕರೆ ಕಾಲಡಿಯಲ್ಲಿ ಹಲಗೆ, ಎರಡೂ ಕಡೆ ವಾಲಿದ ಗೋಡೆ, ತಲೆಯ ಮೇಲೆ ಮುಂಚಾಚಿದ ಮಹಡಿ, ಮೂಗಿಗೆ ಡಾಂಬರು ಮತ್ತು ಒದ್ದೆ ಮರದ ವಾಸನೆ. ಜರ್ಮನಿಯ ಹಾನ್ಸಾ ಎಂಬ ವ್ಯಾಪಾರಿ ಒಕ್ಕೂಟದ ವರ್ತಕರು ಹದಿನಾಲ್ಕನೆಯ ಶತಮಾನದಿಂದ ಇಲ್ಲಿ ಕೋಠಿ ನಡೆಸುತ್ತಿದ್ದರು. ಬೆಂಕಿಯ ಭಯದಿಂದ ಈ ಮರದ ಮನೆಗಳಲ್ಲಿ ಒಲೆಯನ್ನೂ ದೀಪವನ್ನೂ ಹಚ್ಚುವಂತಿರಲಿಲ್ಲ. ಅಡುಗೆಗೂ ಚಳಿ ಕಾಯಿಸುವುದಕ್ಕೂ ಹಿಂಬದಿಯಲ್ಲಿ ಬೇರೆಯೇ ಕಟ್ಟಡಗಳಿದ್ದವು. ಇಷ್ಟು ಎಚ್ಚರವಿದ್ದರೂ 1702ರ ಬೆಂಕಿಯಲ್ಲಿ ಎಲ್ಲ ಸುಟ್ಟುಹೋಯಿತು. ಈಗಿರುವುದು ಅದಾದ ಮೇಲೆ ಹಳೆಯ ಮಾದರಿಯಲ್ಲೇ ಮತ್ತೆ ಕಟ್ಟಿದ್ದು.

ಒಟ್ಟಿನಲ್ಲಿ, ಸಮಯವನ್ನು ತೆರಬೇಕೆಂಬ ತುಂಗಾತೀರ ಅವರ ಮಾತನ್ನು ಒಪ್ಪುತ್ತೇನೆ. ಸಮಯ ತೆತ್ತ ಮಾತ್ರಕ್ಕೆ ಎಲ್ಲವೂ ದಕ್ಕುತ್ತದೆಂಬುದನ್ನು ಒಪ್ಪುವುದಿಲ್ಲ.

ಕಡಲಮಗ

ನಾನು ಮಲ್ಪೆ ಕಡೆಯವನು. ಅಕ್ಕ, ಆ ವರ್ತಕರು ಅಷ್ಟು ದೂರ ಬಂದು ಕೊಂಡುಕೊಳ್ಳುತ್ತಿದ್ದುದಾದರೂ ಏನನ್ನು? ಒಣಮೀನು ಎಂದು ಎಲ್ಲೋ ಕೇಳಿದ ನೆನಪು. ನಮ್ಮಲ್ಲಿ ಉಪ್ಪು ಹಾಕಿ ಬಿಸಿಲಿಗೆ ಹರಡುತ್ತೇವೆ. ಬಿಸಿಲೇ ಇಲ್ಲದ ನಾಡಿನಲ್ಲಿ ಮೀನು ಒಣಗುವುದು ಹೇಗೆ?

ಮಳೆಯೂರಿನ ಕನ್ನಡತಿ

ಸರಿಯಾದ ಪ್ರಶ್ನೆ ತಮ್ಮಾ. ಅದೇ ಮೀನು ಈ ಕರಾವಳಿಯ ಅರ್ಧ ಚರಿತ್ರೆ. ಬ್ಯಾರೆಂಟ್ಸ್ ಸಮುದ್ರದ ಕಾಡ್ ಮೀನು ಪ್ರತಿ ಚಳಿಗಾಲದಲ್ಲಿ ಮೊಟ್ಟೆಯಿಡಲು ದಕ್ಷಿಣಕ್ಕೆ, ಲೊಫೋಟೆನ್ ದ್ವೀಪಗಳ ಸುತ್ತಲ ನೀರಿಗೆ ಬರುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ಅದರ ಬೇಟೆ. ಹಿಡಿದ ಮೀನಿನ ತಲೆ ತೆಗೆದು, ಕರುಳು ಬಿಡಿಸಿ, ಎರಡೆರಡನ್ನು ಬಾಲದಲ್ಲಿ ಜೋಡಿಸಿ ಕಟ್ಟಿ, ಮರದ ಗಳುಗಳಿಂದ ಮಾಡಿದ ಎತ್ತರದ ಅಟ್ಟಣೆಗಳ ಮೇಲೆ ನೇತುಹಾಕುತ್ತಾರೆ. ಉಪ್ಪು ಹಾಕುವುದೇ ಇಲ್ಲ. ಫೆಬ್ರವರಿಯಿಂದ ಮೇವರೆಗೆ ಅಲ್ಲಿನ ಉಷ್ಣತೆ ಸೊನ್ನೆಯ ಆಸುಪಾಸಿನಲ್ಲಿರುತ್ತದೆ. ಮೀನು ಕೊಳೆಯುವಷ್ಟು ಬಿಸಿಯೂ ಅಲ್ಲ, ಗಡ್ಡೆಕಟ್ಟಿ ಕೆಡುವಷ್ಟು ಚಳಿಯೂ ಅಲ್ಲ. ಒಣಗಿಸುವುದು ಬಿಸಿಲಲ್ಲ, ಕಡಲ ಗಾಳಿ. ಒಣಗಿದ ಮೇಲೆ ಮರದ ತುಂಡಿನಂತೆ ಗಟ್ಟಿಯಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ.

ಉತ್ತರದವರು ಈ ಮೀನನ್ನು ದೋಣಿಗಳಲ್ಲಿ ಬರ್ಗೆನ್ನಿಗೆ ತಂದು, ತಮ್ಮಲ್ಲಿ ಬೆಳೆಯದ ಧಾನ್ಯವನ್ನು ಒಯ್ಯುತ್ತಿದ್ದರು. ಇಟಲಿಯವರಿಗೆ ಇದರ ರುಚಿ ಹತ್ತಿದ ಕಥೆಯೂ ಚೆನ್ನಾಗಿದೆ. ವೆನಿಸಿನ ವರ್ತಕ ಪಿಯೆತ್ರೊ ಕ್ವೆರಿನಿಯ ಹಡಗು ಬಿರುಗಾಳಿಗೆ ಸಿಕ್ಕಿ ನಾಶವಾಗಿ, ಅವನೂ ಬದುಕುಳಿದ ಕೆಲವರೂ 1432ರ ಜನವರಿಯಲ್ಲಿ ಲೊಫೋಟೆನ್ನಿನ ತುದಿಯ ರೋಸ್ಟ್ ಬಳಿ ದಡ ಸೇರಿದರು. ಅಲ್ಲಿನ ಮೀನುಗಾರರು ಸಾಕಿ ಸಲಹಿ ಕಳುಹಿಸಿದರು. ಹೋಗುವಾಗ ಒಣಮೀನನ್ನೂ ಕೊಂಡೊಯ್ದರು. ಇಂದಿಗೂ ಲೊಫೋಟೆನ್ನಿನ ಒಣಮೀನಿಗೆ ದೊಡ್ಡ ಗಿರಾಕಿ ಇಟಲಿಯೇ. ಬೇರೆಯಾಗಿ ಒಣಗಿಸಿದ ತಲೆಗಳು ನೈಜೀರಿಯಾಕ್ಕೆ ಹೋಗುತ್ತವೆ. ಜೂನ್ ತಿಂಗಳ ಹಡಗಿನಿಂದ ನಿನಗೆ ಕಾಣುವುದು ಬಹುಮಟ್ಟಿಗೆ ಖಾಲಿ ಅಟ್ಟಣೆಗಳು. ಆಗ ಮೀನು ಇಳಿಸಿ ಆಗಿರುತ್ತದೆ.

ಭೂಪಟದ ಮೇಡಂ

ಭೂಗೋಳ ಕಲಿಸಿ ನಿವೃತ್ತಳಾದವಳು ನಾನು. ಈ ಚರ್ಚೆಯನ್ನು ಓದಿಯೂ ಸುಮ್ಮನಿರಲು ಆಗಲಿಲ್ಲ. ಹಡಗನ್ನು ನೋಡುವಾಗ ಪಕ್ಕದಲ್ಲಿ ಭೂಪಟ ಇರಲೇಬೇಕು. ನಾರ್ವೆಯ ಭೂಮಾಪನ ಇಲಾಖೆಯ ನಕಾಶೆಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ನೀರಿನ ಆಳದ ಅಂಕಿಗಳನ್ನು ನೋಡಿದರೆ ಫಿಯೋರ್ಡ್, ಅಂದರೆ ಕಡಿದಾದ ಬೆಟ್ಟಗಳ ನಡುವೆ ಒಳನಾಡಿಗೆ ಚಾಚಿದ ಕಡಲ ತೋಳು, ಹೇಗಾಯಿತೆಂದು ಯಾವ ಪಾಠಕ್ಕಿಂತ ಬೇಗ ಅರ್ಥವಾಗುತ್ತದೆ. ಸೋಗ್ನೆ ಫಿಯೋರ್ಡ್ ಒಳನಾಡಿಗೆ 200 ಕಿ.ಮೀ.ಗೂ ಹೆಚ್ಚು ಚಾಚಿಕೊಂಡಿದೆ, ಅತಿ ಆಳದ ಕಡೆ 1,300 ಮೀಟರ್ ಇದೆ. ಆದರೆ ಸಮುದ್ರ ಸೇರುವ ಬಾಯಿಯ ಬಳಿ ಅದರ ತಳ ಬಹಳ ಮೇಲಕ್ಕೆ ಬಂದುಬಿಡುತ್ತದೆ. ನದಿ ಕೊರೆದ ಕಣಿವೆಯಾಗಿದ್ದರೆ ಹೀಗಾಗುತ್ತಿರಲಿಲ್ಲ, ನದಿ ಸಮುದ್ರದ ಕಡೆಗೆ ಇಳಿಯುತ್ತಲೇ ಹೋಗಬೇಕು. ಹಿಮನದಿಯಾದರೋ ಒಳಗಡೆ, ತನ್ನ ಭಾರ ಹೆಚ್ಚಿದ್ದಲ್ಲಿ ಆಳವಾಗಿ ಕೊರೆದು, ಕಡಲ ಬಳಿ ಹರಡಿ ತೆಳುವಾದಾಗ ಶಕ್ತಿ ಕಳೆದುಕೊಂಡಿತು. ಪಕ್ಕದ ಸಣ್ಣ ಹಿಮನದಿಗಳು ಅಷ್ಟು ಆಳಕ್ಕೆ ಕೊರೆಯಲಾರದೆ ಮೇಲೆಯೇ ಉಳಿದವು. ಇವತ್ತು ಅವುಗಳ ಕಣಿವೆಗಳಿಂದಲೇ ಜಲಪಾತಗಳು ಧುಮುಕುವುದು.

ಇನ್ನೊಂದು ವಿಷಯ ಕನ್ನಡಿಗರು ಗಮನಿಸುವಂಥದ್ದು. ಹಡಗು ನಿಲ್ಲುವ ಹಾಮರ್‌ಫೆಸ್ಟ್ ಊರಿನಲ್ಲಿ ಒಂದು ಕಂಬವಿದೆ. ಖಗೋಳಜ್ಞ ಸ್ಟ್ರೂವೆಯ ನೇತೃತ್ವದಲ್ಲಿ 1816ರಿಂದ 1855ರವರೆಗೆ, ಅಲ್ಲಿಂದ ಕಪ್ಪು ಸಮುದ್ರದವರೆಗೆ ತ್ರಿಕೋನಗಳ ಸರಪಳಿಯಲ್ಲಿ ಭೂಮಿಯ ಬಾಗನ್ನು ಅಳೆದ ಕೆಲಸದ ಉತ್ತರ ತುದಿ ಅದು. ಅದೇ ಶತಮಾನದಲ್ಲಿ ನಮ್ಮಲ್ಲಿಯೂ ಇಂಥದೇ ಅಳತೆ ನಡೆಯಿತು. ಬ್ರಿಟಿಷ್ ಭೂಮಾಪಕ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆಯನ್ನು, ಅಂದರೆ ತ್ರಿಕೋನಗಳ ಲೆಕ್ಕಕ್ಕೆ ಬುನಾದಿಯಾಗಿ ನೆಲದ ಮೇಲೇ ಅಳೆಯುವ ಗೆರೆಯನ್ನು, ಅಳೆದು, 'ಮಹಾ ಚಾಪ' ಎಂದು ಹೆಸರಾದ ಭಾರತದ ದಕ್ಷಿಣೋತ್ತರ ಅಳತೆಗೆ ಬಳಸಿದ. ಭೂಮಿ ಧ್ರುವಗಳ ಬಳಿ ಎಷ್ಟು ಚಪ್ಪಟೆಯಾಗಿದೆ ಎಂಬ ಲೆಕ್ಕಕ್ಕೆ ಸಮಭಾಜಕದ ಹತ್ತಿರದ ಅಳತೆಯೂ ಬೇಕು, ಧ್ರುವದ ಹತ್ತಿರದ ಅಳತೆಯೂ ಬೇಕು. ಹಡಗು ಹಾಮರ್‌ಫೆಸ್ಟಿನಲ್ಲಿ ನಿಂತಾಗ ಆ ಕಂಬ ಕ್ಯಾಮೆರಾದ ಕಣ್ಣಿಗೆ ಬೀಳದಿದ್ದರೆ ರಸ್ತೆಯ ಚಿತ್ರಗಳಲ್ಲಿ ಹುಡುಕಿ ನೋಡಿ. ಆ ಊರಿನ ಕಟ್ಟಡಗಳು ಪೆಟ್ಟಿಗೆಗಳಂತೆ ಒಂದೇ ತರಹ ಏಕಿವೆ ಎಂದು ಅನ್ನಿಸಿದರೆ, ಕಾರಣ ಎರಡನೆಯ ಮಹಾಯುದ್ಧ. ಜರ್ಮನ್ ಸೇನೆ ಹಿಮ್ಮೆಟ್ಟುವಾಗ ಊರನ್ನು ಸುಟ್ಟಿತು. ಉಳಿದದ್ದು ಸ್ಮಶಾನದ ಪ್ರಾರ್ಥನಾಮಂದಿರ ಮಾತ್ರ.

ತುಂಗಾತೀರ

ಮೇಡಂ, ಕಂಬದ ವಿಷಯ ನನಗೆ ಹೊಸದು, ತುಂಬ ಧನ್ಯವಾದಗಳು.

ಹಡಗಿನ ಕುರಿತು ನಾನೂ ಸ್ವಲ್ಪ ಸೇರಿಸುತ್ತೇನೆ. ಇದು ಮೋಜಿನ ಹಡಗಾಗಿ ಹುಟ್ಟಿದ್ದಲ್ಲ, ಟಪಾಲಿನ ಹಡಗಾಗಿ ಹುಟ್ಟಿದ್ದು. ಉತ್ತರದ ಊರುಗಳಿಗೆ ಚಳಿಗಾಲದಲ್ಲಿ ಕಾಗದ ತಲುಪಲು ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕಾಲ. ಕತ್ತಲೆಯಲ್ಲಿ, ಬಂಡೆಗಳ ನಡುವೆ, ವಿರಳವಾದ ದೀಪಸ್ತಂಭಗಳನ್ನು ನಂಬಿ ಹಡಗು ನಡೆಸಲು ಬೇರೆಯವರು ಹಿಂಜರಿದಾಗ, ರಿಚರ್ಡ್ ವಿತ್ ಎಂಬ ಕಪ್ತಾನ ಸರ್ಕಾರದ ಗುತ್ತಿಗೆ ಹಿಡಿದ. ದಿಕ್ಸೂಚಿ, ಗಡಿಯಾರ ಮತ್ತು ತಾನೂ ತನ್ನ ದಾರಿಗಾರನೂ ಬರೆದಿಟ್ಟುಕೊಂಡ ಟಿಪ್ಪಣಿಗಳೇ ಅವನ ಬಂಡವಾಳ. ಮೊದಲ ಹಡಗು 'ವೆಸ್ಟರೋಲೆನ್' 1893ರ ಜುಲೈ 2ರಂದು ಟ್ರೊಂಡ್‌ಹೈಮ್ ಬಿಟ್ಟಿತು. ಈಗ ಎರಡು ಕಂಪನಿಗಳ 11 ಹಡಗುಗಳು ಈ ಮಾರ್ಗದಲ್ಲಿ 34 ಬಂದರುಗಳನ್ನು ಮುಟ್ಟುತ್ತವೆ.

ಪೂರ್ತಿ ನೋಡಿ ಎಂದು ನಾನು ಹಟ ಹಿಡಿಯುವುದು ಈ ಬಂದರುಗಳಿಗಾಗಿ. ಪ್ರವಾಸಿ ಪುಸ್ತಕಗಳಲ್ಲಿ ಹೆಸರೇ ಇಲ್ಲದ ಊರು. ಹಡಗು ಮೆಲ್ಲನೆ ಕಟ್ಟೆಗೆ ತಾಗುತ್ತದೆ, ಒಬ್ಬನೇ ಒಬ್ಬ ಹಗ್ಗ ಹಿಡಿದು ಗೂಟಕ್ಕೆ ಸಿಕ್ಕಿಸುತ್ತಾನೆ, ಪಕ್ಕದ ಬಾಗಿಲು ತೆರೆದು ಫೋರ್ಕ್‌ಲಿಫ್ಟ್ ಹೊರಬರುತ್ತದೆ, ಸಾಮಾನು ಇಳಿಯುತ್ತದೆ, ಒಂದಿಬ್ಬರು ಚೀಲ ಹಿಡಿದು ಹತ್ತುತ್ತಾರೆ, ಹಗ್ಗ ಬಿಚ್ಚುತ್ತಾರೆ. ಕೆಲವು ಕಡೆ ಕಾಲು ಗಂಟೆಯ ಕೆಲಸ. ಮುಂದಿನ ಊರಿನಲ್ಲಿ ಮತ್ತೆ ಅದೇ. ಆರ್ಕ್ಟಿಕ್ ವೃತ್ತ ದಾಟಿದ ಮೇಲೆ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದೇ ಇಲ್ಲವಾದ್ದರಿಂದ, ನಡುರಾತ್ರಿಯ ಬಂದರಿನಲ್ಲೂ ನೆರಳು ಉದ್ದವಾಗಿ ಬಿದ್ದ ಹಗಲು. ಪ್ಯಾಕೇಜಿನಲ್ಲಿ ಹೋದವರಿಗೆ ಫಿಯೋರ್ಡ್ ಸಿಗುತ್ತದೆ, ಈ ಹಗ್ಗದವನು ಸಿಗುವುದಿಲ್ಲ.

ಊರೂರು ಅಲೆಮಾರಿ

ತುಂಗಾತೀರ ಅವರೇ, ಹಗ್ಗದವನ ಬಗ್ಗೆ ನಿಮ್ಮ ಮಾತು ಒಪ್ಪಿದೆ. ನಮ್ಮ ಪ್ರವಾಸದಲ್ಲಿ ನಾವು ಮುಟ್ಟಿದ ಬಂದರುಗಳೆಲ್ಲ ಅಂಗಡಿ ಸಾಲಿನ ಬಂದರುಗಳೇ. ಆದರೂ ಮಳೆಯೂರಿನ ಸಹೋದರಿ ಹೇಳಿದ ಡಾಂಬರಿನ ವಾಸನೆಗೆ ನಿಮ್ಮ ಬಳಿ ಉತ್ತರವಿಲ್ಲ. ಇರಲಿ. ಮನೆಯಲ್ಲಿ ಧಾರಾವಾಹಿ ಮುಗಿದ ಮೇಲೆ ನನಗೆ ಸಿಗುವುದು ಒಂದೂವರೆ ಗಂಟೆ. ಅಷ್ಟರಲ್ಲಿ ಏನು ನೋಡಲಿ, ಹೇಳಿ.

ಹಳಿಗಳ ಹುಚ್ಚ

ವೋಸ್‌ನಿಂದ ಫಿನ್ಸೆಯವರೆಗೆ ನೋಡಿ. ಸುಮಾರು ಒಂದೂಕಾಲು ಗಂಟೆ ಆಗುತ್ತದೆ. ಮಿರ್ಡಾಲ್ ನಿಲ್ದಾಣಕ್ಕೆ ಮುಂಚೆ ಬರುವ ಗ್ರಾವ್‌ಹಾಲ್ಸೆನ್ ಸುರಂಗ 5.3 ಕಿ.ಮೀ. ಇದೆ, ಚಹಾ ಮಾಡಿಕೊಂಡು ಬರಲು ಅದು ತಕ್ಕ ಸಮಯ. ಎನ್‌ಆರ್‌ಕೆ ಈ ಚಿತ್ರಿಕೆಯನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಮುಕ್ತ ಪರವಾನಗಿಯಲ್ಲಿ ಬಿಟ್ಟಿತ್ತು, ಆದ್ದರಿಂದ ಪೂರ್ಣ ಪ್ರತಿಯೇ ಸಿಗುತ್ತದೆ. ಬೇರೆಯವರು ಸಂಗೀತ ಸೇರಿಸಿ ಕತ್ತರಿಸಿದ್ದನ್ನು ತೆರೆಯಬೇಡಿ.

ತುಂಗಾತೀರ

ನಡುವಿನಿಂದ ಹತ್ತಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಬರ್ಗೆನ್ ನಿಲ್ದಾಣದಿಂದಲೇ ಶುರುಮಾಡಿ ಅಲೆಮಾರಿಯವರೇ. ಒಂದೂವರೆ ಗಂಟೆಗೆ ವೋಸ್ ದಾಟಿರುತ್ತೀರಿ. ಎಲ್ಲಿ ನಿಂತಿತೆಂದು ಬರೆದಿಟ್ಟುಕೊಂಡು, ಮಾರನೆಯ ದಿನ ಅಲ್ಲಿಂದ ಮುಂದುವರಿಸಿ.